ಸೊಟ್ಟ ಎಲ್ಲಿದೆ?

ಗೃಹಪ್ರವೇಶಕ್ಕೆ ಐದೇ ದಿನ ಉಳಿದಿತ್ತು. ಬೆಂಗಳೂರಿನ ನಾಗರಬಾವಿಯ ಆ ಮನೆಯಲ್ಲಿ ಆರು ಬಾಗಿಲಿನ ವಾರ್ಡ್‌ರೋಬ್ ನಿಲ್ಲಿಸಿ, ಹಿಂಜ್‌ಗಳನ್ನು ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಾಗಿಲುಗಳ ಮೇಲಂಚೆಲ್ಲ ಕೂಡಿ ಒಂದೇ ಗೆರೆಯಾಗಬೇಕಿತ್ತು. ಆಗಿರಲಿಲ್ಲ. ಮೊದಲನೆಯದು ಎಡಕ್ಕೆ ಇಳಿದಿತ್ತು, ಎರಡನೆಯದು ಬಲಕ್ಕೆ, ಮೂರನೆಯದು ಸರಿಯಾಗಿತ್ತು, ನಾಲ್ಕನೆಯದು ಮತ್ತೆ ಎಡಕ್ಕೆ. ಹಿಂಜ್‌ನ ತಿರುಪು ತಿರುಗಿಸಿ ಮೇಲಂಚು ಕೂಡಿಸಿದರೆ ಬಾಗಿಲುಗಳ ನಡುವಿನ ಸಂದು ಬೆಣೆಯಂತೆ ಕಾಣುತ್ತಿತ್ತು. ಸಂದು ಸರಿಮಾಡಿದರೆ ಮೇಲಂಚು ಮೆಟ್ಟಿಲಾಗುತ್ತಿತ್ತು. ಒಂದೂವರೆ ಅಡಿ ಅಗಲದ ಬಾಗಿಲಿನ ಮೇಲಂಚಿನಲ್ಲಿ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ತಪ್ಪು. ಅದೇ ತಪ್ಪು ಏಳಡಿ ಎತ್ತರದ ಬಾಗಿಲಿನ ಬುಡಕ್ಕೆ ಬರುವಷ್ಟರಲ್ಲಿ ಮೂರು ಮಿಲಿಮೀಟರ್ ಆಗಿರುತ್ತದೆ. ಮನೆಯ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇದು ಹೀಗೇ ಇರುತ್ತಾ?" ಎಂದಷ್ಟೇ ಕೇಳಿದರು. ಜೋರು ಮಾಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಮ್ಮ ವರ್ಕ್‌ಶಾಪಿನ ಶೆಡ್ಡಿಗೆ ಮರಳಿದವನು ಕಟಿಂಗ್ ಮಾಡುವ ಹುಡುಗನ ಮೇಲೆ ಹರಿಹಾಯ್ದೆ. ಶಿರಾ ಕಡೆಯವನು, ಇಪ್ಪತ್ಮೂರರ ವಯಸ್ಸು, ಮೂರು ವರ್ಷದಿಂದ ನಮ್ಮ ಪ್ಯಾನೆಲ್ ಸಾ ಅವನ ಕೈಯಲ್ಲೇ ಇತ್ತು. "ಅಣ್ಣ, ದಿನಾ ಬೆಳಗ್ಗೆ ಗುನಿಯಾ ಹಿಡಿದು ಫೆನ್ಸ್ ಸೆಟ್ ಮಾಡ್ತೀನಿ. ಇವತ್ತೂ ಮಾಡಿದೀನಿ," ಎಂದ. ಗುನಿಯಾ ಎಂದರೆ ನಮ್ಮ ಮೂಲೆಮಟ್ಟ. ರಾಜಸ್ಥಾನ, ಉತ್ತರ ಪ್ರದೇಶದ ಬಡಗಿಗಳ ಜೊತೆ ದುಡಿದು ದುಡಿದು ನಮ್ಮ ಹುಡುಗರ ಬಾಯಿಗೂ ಆ ಪದ ಬಂದಿದೆ. ಅವನ ಮಾತು ನಾನು ನಂಬಲಿಲ್ಲ. ಆ ದಿನದ ಹಾಳಾದ ಶೀಟ್‌ಗಳ ಲೆಕ್ಕ ಅವನ ಸಂಬಳದ ಪುಸ್ತಕದಲ್ಲಿ ಬರೆದೆ. ಆ ಬರಹವನ್ನು ಹದಿನೈದು ದಿನದ ಮೇಲೆ ಹೊಡೆದುಹಾಕಬೇಕಾಯಿತು. ಹೇಗೆಂದು ಹೇಳುವುದಕ್ಕೇ ಈ ಲೇಖನ.

ಪ್ಯಾನೆಲ್ ಸಾ ನೋಡಿರದವರಿಗೆ ಒಂದಿಷ್ಟು ವಿವರ. ಎರಕದ ಕಬ್ಬಿಣದ ಒಂದು ಮೇಜು, ಅದರ ಸೀಳಿನಿಂದ ಮೇಲೆದ್ದು ತಿರುಗುವ ವೃತ್ತಾಕಾರದ ಗರಗಸ. ಇಷ್ಟಿದ್ದರೆ ಅದು ಸಾದಾ ಟೇಬಲ್ ಸಾ. ಬ್ಲೇಡಿನ ಎಡಕ್ಕೆ ಅಲ್ಯೂಮಿನಿಯಂನ ಉದ್ದನೆಯ ಇನ್ನೊಂದು ಟೇಬಲ್, ಕೆಳಗಿನ ಹಳಿಯ ಮೇಲೆ ರೋಲರ್ ಇಲ್ಲವೇ ಗುಂಡುಗಳ ಆಸರೆಯಲ್ಲಿ ಮುಂದಕ್ಕೂ ಹಿಂದಕ್ಕೂ ಓಡುವಂತಿದ್ದರೆ ಅದು ಪ್ಯಾನೆಲ್ ಸಾ. ಆ ಓಡುವ ಟೇಬಲ್ಲಿಗೆ ಸ್ಲೈಡಿಂಗ್ ಟೇಬಲ್ ಎನ್ನುತ್ತೇವೆ. ಅದರ ಹೊರಬದಿಗೆ, ದೊಡ್ಡ ಶೀಟಿಗೆ ಆಸರೆಯಾಗಿ, ತೋಳಿನ ಮೇಲೆ ಕೂತ ಒಂದು ಚೌಕಟ್ಟು. ಆ ಚೌಕಟ್ಟಿನ ಮೇಲೆ ಅಡ್ಡಲಾಗಿ ಅಳತೆಪಟ್ಟಿ ಇರುವ ಫೆನ್ಸ್. ಶೀಟನ್ನು ಫೆನ್ಸ್‌ಗೆ ಆನಿಸಿ, ಟೇಬಲ್ ತಳ್ಳಿದರೆ, ಶೀಟೂ ಟೇಬಲ್ಲೂ ಒಟ್ಟಿಗೆ ಬ್ಲೇಡನ್ನು ದಾಟಿ ಹೋಗುತ್ತವೆ. 1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆಂಡಾರ್ಫ್ ಎಂಬ ಬಡಗಿ ಈ ಬಗೆಯ ಗರಗಸವನ್ನು ರೂಪಿಸಿದರು. ಮೋಟರು, ಅಳತೆಯ ಡಿಜಿಟಲ್ ಪರದೆ ಎಲ್ಲ ಆಮೇಲೆ ಬಂದವು; ಬ್ಲೇಡಿನ ಪಕ್ಕದಲ್ಲಿ ಟೇಬಲ್ ಓಡುವ ಆ ಮೂಲ ಯೋಚನೆ ಇಂದಿಗೂ ಹಾಗೇ ಇದೆ. ಬೆಂಗಳೂರಿನ ಮೈಸೂರು ರಸ್ತೆ, ಮಾಗಡಿ ರಸ್ತೆ, ಪೀಣ್ಯದ ಕಡೆಯ ಇಂಟೀರಿಯರ್ ವರ್ಕ್‌ಶಾಪುಗಳಲ್ಲಿ ಪ್ಲೈವುಡ್ ಸೀಳುವ ಕೆಲಸ ಹೆಚ್ಚಾಗಿ ನಡೆಯುವುದು ಈ ಯಂತ್ರದ ಮೇಲೆಯೇ.

ಸಿಟ್ಟು ಇಳಿದ ಮೇಲೆ ಹುಡುಗನ ಪಕ್ಕ ನಿಂತು ಅವನು ಫೆನ್ಸ್ ಸೆಟ್ ಮಾಡುವುದನ್ನು ನೋಡಿದೆ. ಮೂಲೆಮಟ್ಟದ ಒಂದು ತೋಳನ್ನು ಬ್ಲೇಡಿನ ಮೈಗೆ ಒತ್ತುತ್ತಿದ್ದ, ಇನ್ನೊಂದು ತೋಳಿಗೆ ಫೆನ್ಸ್ ಕೂಡಿಸುತ್ತಿದ್ದ. ಬೆಳಕು ಒಂದಿಷ್ಟೂ ತೂರದಂತೆ ಕೂಡಿಸುತ್ತಿದ್ದ. ನಾನೂ ಅದನ್ನೇ ಕಲಿತವನು; ಅವನಿಗೆ ಕಲಿಸಿದವನೂ ನಾನೇ. ಮೊದಲ ತಪ್ಪು ಅಲ್ಲಿತ್ತು.

ಈಳಿಗೆಮಣೆಯ ಮೇಲೆ ಸೌತೆಕಾಯಿ ಹೆಚ್ಚುವವರನ್ನು ನೆನಪಿಸಿಕೊಳ್ಳಿ. ಈಳಿಗೆ ನಿಂತಲ್ಲೇ ನಿಂತಿರುತ್ತದೆ, ಕಾಯಿ ಹಿಡಿದ ಕೈ ಹೋಗಿ ಬರುತ್ತದೆ. ಹೋಳು ಸೊಟ್ಟಗೆ ಬಂದರೆ ಕೈ ಹೋದ ದಾರಿ ಸೊಟ್ಟ. ಪ್ಯಾನೆಲ್ ಸಾ ಕೂಡ ಹೀಗೆಯೇ. ಕಟ್ ಆದ ಗೆರೆಯನ್ನು ಎಳೆಯುವುದು ಸ್ಲೈಡಿಂಗ್ ಟೇಬಲ್ ಓಡುವ ದಾರಿ. ಬ್ಲೇಡು ಆ ದಾರಿಗೆ ಕೂದಲೆಳೆಯಷ್ಟು ಓರೆಯಾಗಿ ನಿಂತಿದ್ದರೂ ಗೆರೆ ನೇರವಾಗಿಯೇ ಬರುತ್ತದೆ. ಅಂಚು ಸುಡಬಹುದು, ಚಕ್ಕೆ ಏಳಬಹುದು, ಸೀಳು ಅಗಲವಾಗಬಹುದು, ಅದು ಬೇರೆ ದೋಷ. ಆದ್ದರಿಂದ ಫೆನ್ಸ್ ತೊಂಬತ್ತು ಡಿಗ್ರಿಯಲ್ಲಿ ಇರಬೇಕಾದದ್ದು ಟೇಬಲ್ಲಿನ ಓಟಕ್ಕೆ. ಬ್ಲೇಡಿಗೆ ಮೂಲೆಮಟ್ಟ ಹಿಡಿದು ಫೆನ್ಸ್ ಕೂಡಿಸಿದರೆ, ಬ್ಲೇಡಿನ ಓರೆಯಷ್ಟನ್ನೂ ಫೆನ್ಸ್‌ಗೆ ದಾಟಿಸಿದಂತೆ. ಜೊತೆಗೆ ಬ್ಲೇಡಿನ ಮೈ ಸಿಗುವುದು ಒಂದಡಿಯೊಳಗೆ. ಅಷ್ಟು ಚಿಕ್ಕ ಆಧಾರದಿಂದ ಎಂಟಡಿ ಶೀಟಿನ ಮೂಲೆ ನಿರ್ಧರಿಸಲು ಹೊರಟಿದ್ದೆವು. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೆ 600 ಮಿಲಿಮೀಟರಿಗೆ ಒಂದು ಮಿಲಿಮೀಟರ್, 2400 ಮಿಲಿಮೀಟರಿಗೆ ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆ ಆಗುತ್ತದೆ.

ಹಾಗಾದರೆ ಟೇಬಲ್ಲಿನ ಓಟಕ್ಕೆ ಮೂಲೆಮಟ್ಟ ಹಿಡಿಯುವುದು ಹೇಗೆ? ಓಟಕ್ಕೆ ಮೈ ಇಲ್ಲ. ಅದರ ಗುರುತು ಸಿಗುವುದು ಅದು ಕಟ್ ಮಾಡಿದ ಅಂಚಿನಲ್ಲಿ ಮಾತ್ರ. ಬಡಗಿಗಳು ಜಗತ್ತಿನಾದ್ಯಂತ ಬಳಸುವ ಐದು ಕಟ್‌ನ ಪರೀಕ್ಷೆ ಇರುವುದು ಇದಕ್ಕೆ. ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆಯ) ಒಂದು ಚೌಕ ತುಂಡು ತೆಗೆದುಕೊಳ್ಳಿ. ಗಟ್ಟಿ ಮರ ಬೇಡ. ಸೀಳಿದ ಕೂಡಲೇ ಒಳಗಿನ ಬಿಗಿ ಸಡಿಲಿ ಅದು ತಾನೇ ಬಾಗಿ ನಮ್ಮ ದಾರಿ ತಪ್ಪಿಸುತ್ತದೆ. ಒಂದು ಬದಿ ಕಟ್ ಮಾಡಿ, ಕಟ್ ಆದ ಅಂಚನ್ನು ಫೆನ್ಸ್‌ಗೆ ಆನಿಸಿ ಮುಂದಿನ ಬದಿ ಕಟ್ ಮಾಡಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತ ನಾಲ್ಕೂ ಬದಿ ಮುಗಿಸಿ. ಐದನೆಯ ಕಟ್‌ನಲ್ಲಿ ಮೊದಲು ಕಟ್ ಮಾಡಿದ ಬದಿಯಿಂದಲೇ ಒಂದಿಂಚಿನಷ್ಟು ಪಟ್ಟಿ ತೆಗೆಯಿರಿ. ಆ ಪಟ್ಟಿಯ ಎರಡು ತುದಿಗಳ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಫೆನ್ಸ್‌ನ ತಪ್ಪು ಪ್ರತಿ ತಿರುವಿನಲ್ಲಿ ಒಂದೊಂದು ಪಾಲು ಕೂಡುತ್ತ ಬಂದು, ಪಟ್ಟಿಯಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ. ಒಂದು ತುದಿ 21.3, ಇನ್ನೊಂದು 20.5 ಮಿಲಿಮೀಟರ್ ಇದ್ದರೆ ವ್ಯತ್ಯಾಸ 0.8, ನಾಲ್ಕರಿಂದ ಭಾಗಿಸಿದರೆ 0.2. ಪಟ್ಟಿಯ ಉದ್ದ 600 ಆಗಿದ್ದರೆ 600ಕ್ಕೆ 0.2 ತಪ್ಪಿದೆ ಎಂದರ್ಥ. ಫೆನ್ಸ್ ತಿರುಗುವ ತಿರುಪಿನಿಂದ ಅದನ್ನು ತಡೆಯುವ ಬೋಲ್ಟಿಗೆ 1500 ಮಿಲಿಮೀಟರ್ ದೂರವಿದ್ದರೆ ಬೋಲ್ಟನ್ನು ಅರ್ಧ ಮಿಲಿಮೀಟರ್ ಸರಿಸಬೇಕು. ಯಾವ ಕಡೆಗೆ ಎಂಬ ಗೊಂದಲ ಮೊದಲ ಸಲ ಎಲ್ಲರಿಗೂ ಬರುತ್ತದೆ. ಒಂದು ಕಡೆ ಸರಿಸಿ ಪರೀಕ್ಷೆ ಮತ್ತೆ ಮಾಡಿ. ವ್ಯತ್ಯಾಸ ಹೆಚ್ಚಿದರೆ ಇನ್ನೊಂದು ಕಡೆಗೆ. ಕಣ್ಣಿಗೆ ಕಾಣದ್ದನ್ನು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಈ ಪರೀಕ್ಷೆಗೆ ಬೇಕಾದದ್ದು ಒಂದು ಬೇಡದ ತುಂಡು, ಹತ್ತು ನಿಮಿಷ. ಮರಗೆಲಸದಲ್ಲಿ ಇಷ್ಟು ಅಗ್ಗವಾದ, ಇಷ್ಟು ಸತ್ಯ ಹೇಳುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ.

ನಾವು 600ರ ತುಂಡಿನಲ್ಲಿ ಪರೀಕ್ಷೆ ಮಾಡಿದೆವು. ವ್ಯತ್ಯಾಸ 0.3 ಬಂತು. ನಾಲ್ಕರಿಂದ ಭಾಗಿಸಿದರೆ ಏನೂ ಇಲ್ಲವೆನ್ನುವಷ್ಟು. ಹಾಗಾದರೆ ಯಂತ್ರ ಸರಿಯಿದೆ, ಹುಡುಗನ ಕೈಯೇ ತಪ್ಪು ಎಂದು ಇನ್ನೂ ಗಟ್ಟಿಯಾಗಿ ನಂಬಿದೆ. ಸರ್ವೀಸಿಗೆಂದು ಕರೆಸಿದವರೂ ಫೆನ್ಸ್‌ನ ಬೋಲ್ಟ್ ಒಂದಿಷ್ಟು ತಿರುಗಿಸಿ, "ಈಗ ಸರಿಯಿದೆ ಸಾರ್" ಎಂದು ಹಣ ಪಡೆದು ಹೋದರು. ಮರುದಿನ ಎಂಟಡಿ ಶೀಟ್ ಹಾಕಿದಾಗ ಮತ್ತೆ ಅದೇ ಕಥೆ.

ನಮ್ಮ ಬೀದಿಯಲ್ಲಿ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆ ಗಡಿಯಾರಕ್ಕಿಂತ ಮೊದಲು ಮಾಡಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ದಿನನಿತ್ಯ ಅಳೆದ ಕೈಗಳನ್ನು ಅದು ಈ ಊರಿಗೆ ಕೊಟ್ಟಿತು. ಅವರು ಒಂದು ಸಂಜೆ, ಅಷ್ಟು ಸಣ್ಣ ಅಂತರವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದ ಮರದ ಪೆಟ್ಟಿಗೆ ಹಿಡಿದು ಬಂದರು. ನಾನು ಆಗಲೇ ಸ್ಪಾನರ್ ಹಿಡಿದು ನಿಂತಿದ್ದೆ. "ಅದನ್ನ ಕೆಳಗಿಡಪ್ಪ," ಎಂದರು. "ಈ ಮಿಷನ್ನು ದಿನಾ ಒಂದೇ ಸುಳ್ಳು ಹೇಳ್ತಿದೆಯಾ, ದಿನಕ್ಕೊಂದು ಸುಳ್ಳು ಹೇಳ್ತಿದೆಯಾ, ಮೊದಲು ಅದು ಗೊತ್ತಾಗ್ಲಿ."

ಆ ಮಾತನ್ನು ನಾನು ಈಗ ಶೆಡ್ಡಿನ ಗೋಡೆಯ ಮೇಲೆ ಬರೆಸಿದ್ದೇನೆ. ತಪ್ಪು ಪ್ರತಿ ಸಲ ಒಂದೇ ಅಳತೆಯಲ್ಲಿ ಬಂದರೆ ಅದು ಹೊಂದಾಣಿಕೆಯ ದೋಷ. ಬೋಲ್ಟ್ ತಿರುಗಿಸಿದರೆ ಹೋಗುತ್ತದೆ. ಸಲಸಲಕ್ಕೂ ಬೇರೆಯಾಗಿ ಬಂದರೆ ಎಲ್ಲೋ ಏನೋ ಸಡಿಲವಿದೆ, ಅಲುಗುತ್ತಿದೆ. ಆ ಸಡಿಲು ಸಿಗುವ ತನಕ ಫೆನ್ಸ್ ಮುಟ್ಟುವುದೆಂದರೆ ಅಲುಗುವ ದೋಣಿಯಲ್ಲಿ ಕೂತು ತಕ್ಕಡಿ ತೂಗಿದಂತೆ. ವಾರ್ಡ್‌ರೋಬಿನ ಬಾಗಿಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇಳಿದು ಇದನ್ನೇ ಹೇಳುತ್ತಿದ್ದವು. ನಾನು ಓದಿರಲಿಲ್ಲ.

ಈ ಸಲ 1200 ಮಿಲಿಮೀಟರಿನ ದೊಡ್ಡ ಚೌಕದಲ್ಲಿ ಐದು ಕಟ್ ಮಾಡಿದೆವು, ಮೂರು ಸಲ. ಮೊದಲ ಸಲ ವ್ಯತ್ಯಾಸ ಏಳು ಮಿಲಿಮೀಟರ್. ಎರಡನೇ ಸಲ ಒಂದು, ಅದೂ ಉಲ್ಟಾ ದಿಕ್ಕಿಗೆ. ಮೂರನೇ ಸಲ ನಾಲ್ಕು. ಚಿಕ್ಕ ತುಂಡು ಸುಮ್ಮನಿತ್ತು, ದೊಡ್ಡದು ಕುಣಿಯುತ್ತಿತ್ತು. ಭಾರ ಬಿದ್ದಾಗ ಮಾತ್ರ ಏಳುವ ದೋಷ ಇದು. 18 ಮಿಲಿಮೀಟರ್ ಪ್ಲೈವುಡ್‌ನ ಎಂಟು ನಾಲ್ಕಡಿಯ ಶೀಟು ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಅಷ್ಟು ಭಾರ ಯಂತ್ರದ ಒಂದು ಪಕ್ಕಕ್ಕೆ ಕೂತು, ಮುಂದಿನಿಂದ ಹಿಂದಕ್ಕೆ ಸರಿದು ಹೋಗುತ್ತದೆ.

ಹಿರಿಯರು ಮೊಣಕಾಲೂರಿ ಯಂತ್ರದ ಪಾದಗಳ ಕೆಳಗೆ ಒಂದು ಕಾಗದದ ಚೂರು ತೂರಿಸುತ್ತ ಹೋದರು. ಮೂರು ಪಾದಗಳಲ್ಲಿ ಕಾಗದ ತಡೆಯಿತು. ನಾಲ್ಕನೆಯದರಲ್ಲಿ ಸರಕ್ಕನೆ ಒಳಗೆ ಹೋಯಿತು.

ತಿಂಗಳ ಹಿಂದೆ ಎಡ್ಜ್ ಬ್ಯಾಂಡಿಂಗ್ ಮಿಷನ್ನಿಗೆ ಜಾಗ ಬೇಕೆಂದು ಪ್ಯಾನೆಲ್ ಸಾವನ್ನು ಆರಡಿ ಸರಿಸಿದ್ದೆವು. ನೆಲ ಕಣ್ಣಿಗೆ ಸಮವಾಗಿಯೇ ಇತ್ತು. ನಾಲ್ಕು ಕಾಲಿನ ಯಂತ್ರ ಮೂರು ಕಾಲಿನ ಮೇಲೂ ನಿಲ್ಲುತ್ತದೆ, ಮೋಟರ್ ಓಡುತ್ತದೆ, ಪ್ಲೈವುಡ್ ಸೀಳುತ್ತದೆ. ಆದರೆ ಭಾರ ಆ ತೇಲುವ ಪಾದದ ಮೇಲೆ ಬಂದಾಗ ತಗಡಿನ ಚಾಸಿ ಒಂದಿಷ್ಟು ತಿರುಚುತ್ತದೆ. ಸ್ಲೈಡಿಂಗ್ ಟೇಬಲ್ಲಿನ ಹಳಿಯನ್ನು ಕಚ್ಚಿಕೊಂಡಿರುವುದು ಆ ಚಾಸಿಯೇ. ಶೀಟು ಮುಂದೆ ಸಾಗಿದಂತೆ ಹಳಿಯ ದಿಕ್ಕು ತುಸು ಬದಲಾಗುತ್ತದೆ, ಗೆರೆಯೂ ಬದಲಾಗುತ್ತದೆ. ರಸಮಟ್ಟ ಇಟ್ಟು, ಪಾದದ ಕೆಳಗೆ ಉಕ್ಕಿನ ತೆಳು ತಗಡಿನ ಚೂರುಗಳನ್ನು ಕೊಟ್ಟು ನಾಲ್ಕೂ ಪಾದ ಒಂದೇ ಬಿಗಿಯಲ್ಲಿ ನೆಲಕ್ಕೆ ಕೂರುವಂತೆ ಮಾಡಿದೆವು. ಮರದ ಚೂರು ಕೊಡಬಾರದು, ಕಂಪನಕ್ಕೆ ಅದು ನಲುಗುತ್ತದೆ. ಖರ್ಚು ಏನೂ ಇರಲಿಲ್ಲ. ತಗಡು ಹಳೆಯ ಪೇಂಟ್ ಡಬ್ಬದ್ದು.

ಆದರೂ ಪೂರ್ತಿ ನಿಲ್ಲಲಿಲ್ಲ. ಮೂರು ಪರೀಕ್ಷೆಗಳ ಅಂತರ ಎಂಟು ಮಿಲಿಮೀಟರಿನಿಂದ ಎರಡಕ್ಕೆ ಇಳಿಯಿತು. ಹಿರಿಯರು ಸ್ಲೈಡಿಂಗ್ ಟೇಬಲ್ಲಿನ ಹೊರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ನೋಡಿದರು. ಡಯಲ್‌ನ ಮುಳ್ಳು ಹಾರಿತು. ಟೇಬಲ್ ಬಿಚ್ಚಿ ನೋಡಿದರೆ ಹಳಿಯ ಮೇಲೆ ಎಂಡಿಎಫ್ ಪುಡಿ, ಫೆವಿಕಾಲ್ ಹನಿ, ಯಾರೋ ಒಳ್ಳೆಯದಕ್ಕೆಂದು ಹಚ್ಚಿದ ಗ್ರೀಸ್, ಮೂರೂ ಸೇರಿ ಗಟ್ಟಿಯಾದ ಹಿಟ್ಟಿನ ಪದರ. ರೋಲರ್ ಆ ಗುಡ್ಡವನ್ನು ಹತ್ತಿ ಇಳಿದಾಗಲೆಲ್ಲ ಟೇಬಲ್ ಎಗರುತ್ತಿತ್ತು. ಹಳಿಯನ್ನು ಮರದ ಚೂಪು ತುಂಡಿನಿಂದ ಕೆರೆದು, ಬಟ್ಟೆಯಿಂದ ಒರೆಸಿ, ಕೆಳಗಿನ ರೋಲರ್‌ಗಳ ಬಿಗಿಯನ್ನು ಅಲುಗಾಟ ಇಲ್ಲದಷ್ಟು, ಓಟ ಭಾರವಾಗದಷ್ಟು ಕೂಡಿಸಿದೆವು. ಹಳಿಗೆ ಗ್ರೀಸ್ ಹಚ್ಚುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ದಯವಿಟ್ಟು ಬಿಡಿ. ಮರದ ಪುಡಿ ಇರುವಲ್ಲಿ ಗ್ರೀಸ್ ಅಂಟಿನಂತೆ ಕೆಲಸ ಮಾಡುತ್ತದೆ.

ಆಮೇಲೆ 1200ರ ಚೌಕದಲ್ಲಿ ಮೂರು ಪರೀಕ್ಷೆ: 1.2, 1.1, 1.2. ಯಂತ್ರ ಈಗ ಒಂದೇ ಸುಳ್ಳು ಹೇಳತೊಡಗಿತ್ತು. ನಮಗೆ ಆ ಸಂಜೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇರಲಿಲ್ಲ.

ಆದರೂ ಹಿರಿಯರು ಫೆನ್ಸ್ ಮುಟ್ಟಲು ಬಿಡಲಿಲ್ಲ. ಅದಕ್ಕೂ ಮೊದಲು ಬ್ಲೇಡು ಮತ್ತು ಟೇಬಲ್ಲಿನ ಓಟದ ಸಂಬಂಧ ನೋಡಬೇಕು. ಓಟದ ದಿಕ್ಕನ್ನು ಸರಿಪಡಿಸಿದರೆ ಫೆನ್ಸ್‌ನ ಮೂಲೆಯೂ ಬದಲಾಗುತ್ತದೆ. ಫೆನ್ಸ್ ಮೊದಲು ಮಾಡಿದರೆ ಎರಡು ಸಲ ದುಡಿಯಬೇಕು. ಮುಖ್ಯ ಸ್ವಿಚ್ ಆಫ್ ಮಾಡಿ, ಗೋಡೆಯ ಎಂಸಿಬಿ ಕೂಡ ಇಳಿಸಿ, ಬ್ಲೇಡ್ ಬಿಚ್ಚಿ, ಅದನ್ನು ಹಿಡಿದಿಡುವ ಫ್ಲ್ಯಾಂಜ್ ಒರೆಸಿದೆವು. ಅಲ್ಲಿ ಒಂದು ಚೂರು ಪುಡಿ ಸಿಕ್ಕಿಕೊಂಡರೂ ಬ್ಲೇಡ್ ಓಲಾಡುತ್ತದೆ. ಬ್ಲೇಡ್ ಮತ್ತೆ ಬಿಗಿದು, ಸ್ಲೈಡಿಂಗ್ ಟೇಬಲ್ಲಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಬ್ಲೇಡಿನ ಒಂದು ಹಲ್ಲಿನ ಬುಡಕ್ಕೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟರು. ಮುಂದೆ ಆ ಚುಕ್ಕೆಯ ಬಳಿ ಮುಳ್ಳು ಸೊನ್ನೆಗೆ ತಂದು, ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಚುಕ್ಕೆಯನ್ನು ಹಿಂದಕ್ಕೆ ತಂದು, ಟೇಬಲ್ ತಳ್ಳಿ, ಅದೇ ಚುಕ್ಕೆಯ ಬಳಿ ಮತ್ತೆ ಓದಿದರು. ಬೇರೆ ಬೇರೆ ಹಲ್ಲಿನ ಬಳಿ ಅಳೆದರೆ ಬ್ಲೇಡಿನ ಸ್ವಂತ ಸೊಟ್ಟವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಒಂದೇ ಚುಕ್ಕೆ ಹಿಡಿದರೆ ಉಳಿಯುವುದು ಓಟದ ದಿಕ್ಕು ಮಾತ್ರ. ಈ ಒಂದು ಚುಕ್ಕೆಯ ಉಪಾಯ ನನಗೆ ಇಪ್ಪತ್ತು ವರ್ಷ ಮೊದಲೇ ಗೊತ್ತಿರಬೇಕಿತ್ತು.

ಬ್ಲೇಡು ಓಟಕ್ಕೆ ತೀರಾ ಸಮಾನಾಂತರ ಇರುವುದೂ ಬೇಡ. ಹಿಂದುಗಡೆ ಟೇಬಲ್ಲು ಬ್ಲೇಡಿನಿಂದ ಒಂದಿಷ್ಟು ದೂರ ಸರಿಯುವಂತಿರಬೇಕು: ಬ್ಲೇಡಿನ ವ್ಯಾಸದುದ್ದಕ್ಕೆ 0.05ರಿಂದ 0.1 ಮಿಲಿಮೀಟರ್. ದಿನಪತ್ರಿಕೆಯ ಒಂದು ಹಾಳೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ. ಬ್ಲೇಡಿನ ಮುಂದಿನ ಹಲ್ಲುಗಳು ಕೆಳಕ್ಕೆ ಇಳಿಯುತ್ತ ಕಡಿಯುತ್ತವೆ, ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಆ ಏಳುವ ಹಲ್ಲು ಆಗಲೇ ಕಟ್ ಆದ ಅಂಚನ್ನು ಮತ್ತೆ ಉಜ್ಜಿದರೆ ಮೇಲಿನ ಲ್ಯಾಮಿನೇಟ್ ಚಕ್ಕೆ ಏಳುತ್ತದೆ, ಅಂಚು ಕಪ್ಪಾಗಿ ಸುಡುತ್ತದೆ. ಒಂದು ಹಾಳೆಯಷ್ಟು ಬಿಡುವು ಕೊಟ್ಟರೆ ಏಳುವ ಹಲ್ಲು ಗಾಳಿಯಲ್ಲಿ ಹೋಗುತ್ತದೆ. ಗೇಜ್ ಇಲ್ಲದವರೂ ಇದನ್ನು ಓದಬಹುದು. ಕಟ್ ಆದ ಎಂಡಿಎಫ್ ಅಂಚನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಕಮಾನಿನ ಗೀರುಗಳು ಒಂದೇ ಕಡೆಗೆ ಬಾಗಿದ್ದರೆ ಬ್ಲೇಡಿನ ಒಂದು ಬದಿಯ ಹಲ್ಲುಗಳು ಮಾತ್ರ ಮುಟ್ಟಿವೆ. ಒಂದರ ಮೇಲೊಂದು ಹೆಣೆದುಕೊಂಡಿದ್ದರೆ ಹಿಂದೆ ಮುಂದೆ ಎರಡೂ ಉಜ್ಜಿವೆ. ನಮ್ಮದರಲ್ಲಿ ಓಟ ಹಿಂದುಗಡೆ ಬ್ಲೇಡಿನ ಕಡೆಗೇ 0.15 ಮಿಲಿಮೀಟರ್ ವಾಲಿತ್ತು. ಎರಡು ವರ್ಷದಿಂದ ಬ್ಲೇಡ್ ಬೇಗ ಮೊಂಡಾಗುತ್ತದೆ ಎಂದು ಹಲ್ಲು ಹಿಡಿಸುತ್ತಲೇ ಇದ್ದೆವು. ಮೊಂಡಾಗಿದ್ದು ನಿಜ. ಮೊಂಡು ಮಾಡಿದ್ದು ಈ ವಾಲಿಕೆ.

ಆ ವಾಲಿಕೆ ಸರಿಪಡಿಸಿದ ಮೇಲೆಯೇ ಫೆನ್ಸ್. ಅದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಕೊನೆಯ ಪರೀಕ್ಷೆಯಲ್ಲಿ 1200ರ ಪಟ್ಟಿಯಲ್ಲಿ ವ್ಯತ್ಯಾಸ 0.2, ಅಂದರೆ ಒಂದು ಕಟ್‌ಗೆ 0.05. ಬಡಗಿಯ ಲೆಕ್ಕದಲ್ಲಿ ಅದು ಸೊನ್ನೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಲೈಡಿಂಗ್ ಟೇಬಲ್ಲು ಎರಕದ ಮೇಜಿಗಿಂತ 0.2ರಿಂದ 0.4 ಮಿಲಿಮೀಟರ್ ಎತ್ತರದಲ್ಲಿರಬೇಕು. ತಗ್ಗಿದ್ದರೆ ಶೀಟು ಎರಕದ ಮೇಲೆ ಕೂತು ಎಳೆದಾಡುತ್ತದೆ, ಟೇಬಲ್ ಒಂದು ಕಡೆ, ಶೀಟು ಇನ್ನೊಂದು ಕಡೆ. ಹೊರಗಿನ ಚೌಕಟ್ಟು ಸ್ಲೈಡಿಂಗ್ ಟೇಬಲ್ಲಿನ ಮಟ್ಟದಲ್ಲೇ ಇದೆಯೇ ಎಂದು ಉದ್ದನೆಯ ನೇರ ಪಟ್ಟಿ ಇಟ್ಟು ನೋಡಿ. ಲ್ಯಾಮಿನೇಟ್ ಅಂಟಿಸಿದ ಶೀಟಿನ ಕೆಳಮೈ ಚಕ್ಕೆ ಏಳದಂತೆ ಮುಖ್ಯ ಬ್ಲೇಡಿನ ಮುಂದೆ ಉಲ್ಟಾ ದಿಕ್ಕಿಗೆ ತಿರುಗುವ ಚಿಕ್ಕ ಸ್ಕೋರಿಂಗ್ ಬ್ಲೇಡ್ ಇರುತ್ತದೆ. ಅದರ ಗೀರು ಮುಖ್ಯ ಸೀಳಿನ ನೇರಕ್ಕೆ ಇಲ್ಲದಿದ್ದರೆ ಅಂಚಿನಲ್ಲಿ ಉಗುರಿಗೆ ತಾಗುವ ಒಂದು ಮೆಟ್ಟಿಲು ಸಿಗುತ್ತದೆ. ಹಲ್ಲು ಹಿಡಿಸಿ ತಂದ ಪ್ರತಿ ಸಲವೂ ಇದನ್ನು ಮತ್ತೆ ಕೂಡಿಸಬೇಕು, ಏಕೆಂದರೆ ಹಲ್ಲಿನ ಅಗಲ ಕಡಿಮೆಯಾಗಿರುತ್ತದೆ. ಹೊಸ ಬ್ಲೇಡಿನ ಸೀಳು ಸಾಮಾನ್ಯವಾಗಿ 3.2 ಮಿಲಿಮೀಟರ್. ಇಂಚಿಗೆ ಎಂಟು ನೂಲು ಎಂದು ಎಣಿಸುತ್ತಿದ್ದ ನಮ್ಮ ಹಳೆಯ ಮೇಸ್ತ್ರಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ನೂಲು.

ಒಂದು ವಿಷಯವನ್ನು ಮಾತ್ರ ಬೇಗ ಹೇಳಿ ಮುಗಿಸಲಾರೆ. ಬ್ಲೇಡಿನ ಬಲಕ್ಕೆ ಇರುವ ಉದ್ದ ಫೆನ್ಸ್, ಪಟ್ಟಿ ಸೀಳುವಾಗ ಬಳಸುವುದು, ಹಿಂದುಗಡೆ ಬ್ಲೇಡಿನ ಕಡೆಗೆ ವಾಲಿರಲೇಬಾರದು. ವಾಲಿದ್ದರೆ ತುಂಡು ಬ್ಲೇಡು ಮತ್ತು ಫೆನ್ಸ್ ನಡುವೆ ಸಿಕ್ಕಿ, ಏಳುವ ಹಲ್ಲು ಅದನ್ನು ಎತ್ತಿ ಕೆಲಸಗಾರನ ಹೊಟ್ಟೆಗೋ ಎದೆಗೋ ಎಸೆಯುತ್ತದೆ. ಹಾರಿದ ತುಂಡಿನ ಹಿಂದೆ ಕೈ ಬ್ಲೇಡಿನ ಮೇಲೆ ಎಳೆದುಕೊಂಡು ಹೋಗಬಹುದು. ಬ್ಲೇಡಿನ ಹಿಂದೆ ನಿಲ್ಲುವ ಉಕ್ಕಿನ ರೆಕ್ಕೆ, ರೈವಿಂಗ್ ನೈಫ್, ಸೀಳು ಮುಚ್ಚಿಕೊಳ್ಳದಂತೆ ತಡೆಯಲು ಇರುವುದು. ನಮ್ಮ ಎಷ್ಟೋ ಶೆಡ್ಡುಗಳಲ್ಲಿ ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಬ್ಲೇಡಿನ ನೇರಕ್ಕೆ ಇಲ್ಲದೆ ಶೀಟಿಗೆ ಅಡ್ಡ ಬರುತ್ತದೆ ಎಂಬುದು ಕಾರಣ. ಅಡ್ಡ ಬಂದರೆ ಅದನ್ನು ನೇರಕ್ಕೆ ಕೂಡಿಸಬೇಕು, ಬಿಚ್ಚಬಾರದು. ಬೆರಳು ಕಳೆದುಕೊಂಡ ಬಡಗಿಗಳನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರೂ ಕೆಲಸ ಗೊತ್ತಿಲ್ಲದವರಲ್ಲ.

ಕರಾವಳಿಯ ಗೆಳೆಯರಿಗೆ ಇನ್ನೊಂದು ತೊಂದರೆ ಇದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಎರಕದ ಮೇಜು ಒಂದು ವಾರ ಸುಮ್ಮನಿದ್ದರೆ ಸಾಕು, ತುಕ್ಕಿನ ಬಣ್ಣ ಬರುತ್ತದೆ. ಹಳಿಯ ಉಕ್ಕಿಗೂ ಅದೇ ಗತಿ. ಮೇಣ ಉಜ್ಜಿ ಬಟ್ಟೆಯಿಂದ ತಿಕ್ಕಿದರೆ ತುಕ್ಕೂ ತಡೆಯುತ್ತದೆ, ಶೀಟೂ ಜಾರುತ್ತದೆ. ಸಿಲಿಕೋನ್ ಸ್ಪ್ರೇ ಬೇಡ. ಅದು ಮರಕ್ಕೆ ತಾಗಿದರೆ ಮುಂದೆ ಪಾಲಿಶ್ ಹಿಡಿಯುವುದಿಲ್ಲ.

ವಾರ್ಡ್‌ರೋಬಿಗೆ ಆರೂ ಬಾಗಿಲು ಹೊಸದಾಗಿ ಮಾಡಿದೆವು. ಗೃಹಪ್ರವೇಶದ ದಿನ ಹಳೆಯವೇ ಇದ್ದವು. ಕೆಲವು ದಿನದ ಮೇಲೆ ಬದಲಿಸಿದೆವು. ಅದೇ ದಿನ ಸಂಬಳದ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದಿದ್ದ ಶೀಟ್‌ಗಳ ಲೆಕ್ಕ ಹೊಡೆದುಹಾಕಿ, ಎಲ್ಲರೆದುರು ತಪ್ಪಾಯಿತೆಂದು ಹೇಳಿದೆ. ಅವನು ತಲೆ ತಗ್ಗಿಸಿ, "ಬಿಡಿ ಅಣ್ಣ," ಎಂದ. ಈಗ ಡಯಲ್ ಗೇಜ್ ಅವನ ಬಳಿಯೇ ಇರುತ್ತದೆ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಕಟಿಂಗ್ ನಿಲ್ಲಿಸಿ ಪಾದ, ಹಳಿ, ಬ್ಲೇಡ್, ಎತ್ತರ, ಫೆನ್ಸ್ ಎಲ್ಲವನ್ನೂ ಅದೇ ಕ್ರಮದಲ್ಲಿ ಅಳೆದು, ತಾರೀಖು ಹಾಕಿ ಯಂತ್ರಕ್ಕೆ ತೂಗುಹಾಕಿದ ರಟ್ಟಿನ ಮೇಲೆ ಬರೆಯುತ್ತಾನೆ. ಆ ಸಾಲುಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಯಾವ ತಿಂಗಳಲ್ಲಿ ಏನು ಜರುಗಲು ಶುರುವಾಯಿತು ಎಂದು ಗೊತ್ತಾಗುತ್ತದೆ.

ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರಗಳ ಮೇಲೆ ಮರಗೆಲಸ ಕಲಿಸುವ ತರಬೇತಿ ಕೇಂದ್ರವಿದೆ. ಆದರೆ ನಮ್ಮ ಶೆಡ್ಡುಗಳಿಗೆ ಬರುವ ಹೆಚ್ಚಿನ ಹುಡುಗರು ಕಲಿಯುವುದು ಪಕ್ಕದವನನ್ನು ನೋಡಿ, ಪಕ್ಕದವನು ಕಲಿತದ್ದು ನನ್ನಂಥವನನ್ನು ನೋಡಿ. ವರ್ಕ್‌ಶಾಪ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಟಿಂಗ್ ಮಾಡುವವರ ಕೈಗೆ ಒಂದು ಡಯಲ್ ಗೇಜ್ ಕೊಡಿ, ತಿಂಗಳಿಗೆ ಅರ್ಧ ದಿನ ಕೊಡಿ, ಆ ಅರ್ಧ ದಿನಕ್ಕೆ ಸಂಬಳ ಹಿಡಿಯಬೇಡಿ. ಮೂಲೆಗೆ ಎಸೆದ ರೈವಿಂಗ್ ನೈಫ್ ಹುಡುಕಿ ನಾಳೆಯೇ ಹಾಕಿಸಿ.